ನೀಲಿ ಶರಾಯಿ, ಬಿಳಿ ಪಂಚೆ

ಈಗ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಡೆನಿಮ್ ಪ್ಯಾಂಟುಗಳೇ. ಕಂಡರೆ ನನ್ನ ಕಿವಿ ಬಿಸಿಯಾಗುತ್ತದೆ. ಮೊಮ್ಮಕ್ಕಳು ‘ತಾತನಿಗೆ ಹೊಸಕಾಲ ಆಗಿಬರಲ್ಲ’ ಅನ್ನುತ್ತಾರೆ. ಅನ್ನಲಿ. ಅವರಪ್ಪ ಹುಟ್ಟುವ ಮೊದಲೇ ಹಿಂದೂಪುರದ ಬಜಾರಿನಲ್ಲಿ ಆ ಬಟ್ಟೆಯನ್ನು ಅಳೆದು ಹರಿದುಕೊಡುತ್ತಿದ್ದವನು ನಾನು. ಅದನ್ನು ಹಾಕಿಕೊಂಡು ಮಾನ ಕಳೆದುಕೊಂಡವನೂ ನಾನೇ.

ನಮ್ಮಪ್ಪನದು ಒರಟು ಬಟ್ಟೆಯ ಅಂಗಡಿ. ರೇಷ್ಮೆ, ಜರಿ ಬೇಕಾದವರು ಎದುರು ಸಾಲಿಗೆ ಹೋಗಬೇಕು. ನಮ್ಮಲ್ಲಿಗೆ ಬರುತ್ತಿದ್ದವರು ರೈಲ್ವೆಯವರು, ಎಣ್ಣೆ ಗಿರಣಿಯವರು, ಬಂಡಿ ಹೊಡೆಯುವವರು. ಡೆನಿಮ್ ಎಂಬ ಹೆಸರನ್ನು ನಾವು ಕೇಳಿರಲಿಲ್ಲ. ನೀಲಿ ಡಂಗ್ರಿ ಅನ್ನುತ್ತಿದ್ದೆವು. ಉದ್ದಕ್ಕೆ ಹೋಗುವ ಹಾಸಿನ ನೂಲು ನೀಲಿ, ಅಡ್ಡ ಬರುವ ಹೊಕ್ಕಿನ ನೂಲು ಬಿಳಿ. ಅದಕ್ಕೇ ಮೇಲೆ ನೀಲಿ, ತಿರುವಿದರೆ ಬೆಳ್ಳಗೆ. ತೆಳುವಾದದ್ದು ಅಂಗಿಗೆ. ನಡುವಿನದು ಫಿಟ್ಟರುಗಳ ಶರಾಯಿಗೆ. ಬಿಳಿ ಪಟ್ಟೆ ಇರುವುದು ಇಂಜಿನ್ ಡ್ರೈವರುಗಳಿಗೆ, ಮಸಿ ಅಷ್ಟಾಗಿ ಎದ್ದು ಕಾಣದು ಅಂತ. ಎಲ್ಲಕ್ಕಿಂತ ದಪ್ಪನೆಯದು ಕೈಚೀಲಕ್ಕೆ, ಬಂಡಿಯ ಮೆತ್ತೆಗೆ. ಅದನ್ನು ಹೊಲಿಯಲು ಕೊಟ್ಟರೆ ದರ್ಜಿ ನಮ್ಮ ವಂಶವನ್ನೇ ಬೈಯುತ್ತಿದ್ದ. ಡ್ರಿಲ್ ಬಟ್ಟೆಯಲ್ಲೂ ಡಂಗ್ರಿಯದೇ ಓರೆ ಗೆರೆಯ ನೇಯ್ಗೆ ಇದ್ದರೂ ಅದರ ಎರಡು ನೂಲೂ ಒಂದೇ ಬಣ್ಣ. ಪೊಲೀಸರ ಖಾಕಿ, ಮೇಷ್ಟರ ಬಿಳಿ ಕೋಟು, ಎರಡೂ ಡ್ರಿಲ್ಲೇ.

ಗಿರಾಕಿಗಳಿಗೆ ಇದನ್ನೆಲ್ಲ ಹೇಳುವಾಗ ಅಪ್ಪನಿಗೆ ಪುರಾಣ ಓದುವವರ ಕಳೆ ಬರುತ್ತಿತ್ತು. ಕೊನೆಯ ಅಧ್ಯಾಯ ಯಾವಾಗಲೂ ಒಂದೇ: “ಉಪ್ಪುನೀರಲ್ಲಿ ನೆನ್ಸಿ, ನೀರು ತಿಳಿಯಾಗೋಗಂಟ ಒಗ್ದು ಆಮೇಲೆ ಹೊಲ್ಸು. ಇಲ್ದಿದ್ರೆ ಬಣ್ಣ ಬುಡ್ತದೆ ಕಣಪ್ಪ.”

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ನನಗೆ ಕಲ್ಯಾಣದುರ್ಗದಿಂದ ಒಂದು ಸಂಬಂಧ ಬಂತು. ಅವರೂ ನಮ್ಮವರೇ, ವಿಭೂತಿ ಇಡುವ ಮನೆತನ, ಕಡಲೆಕಾಯಿ ವ್ಯಾಪಾರ. ಅದಕ್ಕೂ ಮೊದಲು ಎರಡು ಕಡೆ ನನ್ನನ್ನು ಒಪ್ಪಿರಲಿಲ್ಲ. ನನ್ನ ಜೊತೆಯವರೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಬರುತ್ತಿದ್ದರು. ಇದೂ ತಪ್ಪಿದರೆ ಗತಿಯೇನು ಎಂದು ಅಮ್ಮ ಕೊರಗುತ್ತಿದ್ದಳು. ನಾನು ಕೊರಗುತ್ತಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೆ. ಅವರ ಕಡೆಯಿಂದ ಒಂದೇ ಮಾತು ಬಂದಿತ್ತು, ಹುಡುಗ ಶರಾಯಿ ಹಾಕುವವನಾಗಿರಬೇಕು ಅಂತ. ನಮ್ಮ ಮನೆಯಲ್ಲಿ ಅಲ್ಲಿಯತನಕ ಶರಾಯಿ ಮಾರಿದ್ದವರಿದ್ದರೇ ಹೊರತು ಹಾಕಿದವರಿರಲಿಲ್ಲ.

ಬಟ್ಟೆಗೆ ಬರ ಇದ್ದ ಕಾಲ. ಬಿಳಿ ಡ್ರಿಲ್ ಅಂಗಡಿಗೆ ಬರುವುದೇ ನಿಂತಿತ್ತು. ಖಾಕಿ ಹಾಕಿಕೊಂಡು ಹೋದರೆ ಜಪ್ತಿಗೆ ಬಂದ ಅಮೀನ ಅಂದುಕೊಂಡಾರು. ಉಳಿದದ್ದು ಡಂಗ್ರಿ. ಅಪ್ಪ ನಡುವಿನ ದಪ್ಪದ್ದನ್ನು ಹರಿದು, ನೆನೆಹಾಕಲು ಹಿತ್ತಲಿಗೆ ಒಯ್ದರೆ ಅಮ್ಮ ಅಡ್ಡ ನಿಂತಳು.

“ಹೆಣ್ಣು ನೋಡಾಕೆ ಹೋಗೋನು ಒಗ್ದಿದ್ದು ಹಾಕ್ಕೊಂಡು ಹೋಯ್ತಾನಾ? ನೀರು ಕಂಡ ಬಟ್ಟೆ ಹಳೇ ಬಟ್ಟೆನೇ.”

ನಮ್ಮಲ್ಲಿ ಶುಭಕಾರ್ಯಕ್ಕೆ ಹೊಸ ಬಟ್ಟೆ ಎಂದರೆ ನೀರು ಮುಟ್ಟಿರಬಾರದು. ಮೂಲೆಗೊಂದಿಷ್ಟು ಅರಿಶಿನ ಹಚ್ಚಿ ಹಾಗೇ ಮೈಮೇಲೆ ಹಾಕಿಕೊಳ್ಳಬೇಕು. ಊರಿಗೆಲ್ಲ ಬುದ್ಧಿ ಹೇಳುವ ಅಪ್ಪ ಬಾಯಿ ಬಿಡಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅಮ್ಮ ಶರಾಯಿಯ ಅಂಚಿಗೆ ಅರಿಶಿನ ಹಚ್ಚಿದಳು, ನಾನು ಹಾಕಿಕೊಂಡೆ.

ಅಪ್ಪ, ನಾನು ಇಬ್ಬರೇ ಹೊರಟೆವು. ರೊದ್ದದ ಕಡೆಯಿಂದ ಸುತ್ತಿಕೊಂಡು ಹೋಗುವ, ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಬೇಸಿಗೆಯ ಬಿಸಿಲು. ಇಳಿಯುವಷ್ಟರಲ್ಲಿ ಶರಾಯಿ ಒಳಗಿಂದ ತೊಯ್ದು ತೊಡೆಗೆ ಅಂಟಿತ್ತು. ಅವರ ಮನೆಯಲ್ಲಿ ಕೈಕಾಲಿಗೆ ನೀರು ಕೊಟ್ಟರು. ನಡುಮನೆಯಲ್ಲಿ ಜಮಖಾನ ಹಾಸಿ ಅದರ ಮೇಲೆ ಒಗೆದ ಬಿಳಿ ಹಚ್ಚಡ ಹಾಸಿದ್ದರು. ಕೂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡು ಕೈಯಲ್ಲೂ ಮಂಡಿ ಉಜ್ಜಿಕೊಳ್ಳುತ್ತಲೇ ಇದ್ದೆ. ವಿಭೂತಿ ತಟ್ಟೆ ಬಂತು. ಮೂರು ಬೆರಳಲ್ಲಿ ಎಳೆದುಕೊಂಡೆ.

ಹುಡುಗಿ ಪಾನಕ ತಂದಳು. ಅಗಲ ಹಣೆ, ಕಪ್ಪು ಬಣ್ಣ, ನೇರ ನೋಟ. ನನ್ನ ಹಣೆ ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಚಿಕೊಂಡಳು, ಒಪ್ಪಿಗೆಯಾಯಿತು ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಲೋಟಕ್ಕೆ ಕೈ ಚಾಚಿದಾಗಲೇ ಕಂಡದ್ದು: ಬೆರಳುಗಳೆಲ್ಲ ನೀಲಿ. ಅವೇ ಬೆರಳುಗಳು ನನ್ನ ಹಣೆಯ ಮೇಲೆ ಹರಿದಾಡಿದ್ದವು.

ಅಪ್ಪನ ಕಣ್ಣು ನನ್ನ ಹಣೆಯ ಮೇಲೇ ಇತ್ತು. ಗಾಬರಿಯಲ್ಲಿ ಎದ್ದುಬಿಟ್ಟೆ. ಏಳಬಾರದಾಗಿತ್ತು. ಬಿಳಿ ಹಚ್ಚಡದ ಮೇಲೆ, ಗೋಡೆಗೆ ಜೋಡಿ ಬೆರಣಿ ತಟ್ಟಿದಂತೆ, ನಾನು ಕೂತಿದ್ದ ಗುರುತು. ಮೊದಲು ಮಾತಾಡಿದವನು ನಮ್ಮಪ್ಪ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಹಾಗೆ:

“ಡ್ರಿಲ್ಲಾಗಿದ್ರೆ ಬುಡ್ತಿರ್ಲಿಲ್ಲ ಸ್ವಾಮಿ. ಇದು ಡಂಗ್ರಿ. ಬಣ್ಣ ಬುಡೋದೇ ಅಸಲಿ ನೀಲಿ ಗುರುತು.”

ಹುಡುಗಿಯ ತಂದೆ ಹಚ್ಚಡ ನೋಡಿ, “ಗುರುತೇನೋ ಚೆನ್ನಾಗೇ ಬಿದ್ದದೆ” ಅಂದರು. ಒಳಮನೆಯಲ್ಲಿ ಬಳೆಗಳ ಸದ್ದಿನ ಜೊತೆ ನಗು ಕೇಳಿತು. ನನಗಾದ ನಾಚಿಕೆ ಒಂದು ತೂಕ. ಅಲ್ಲಿ ನಿಂತು ಬಟ್ಟೆಯ ಗುಣ ಹೊಗಳುತ್ತಿದ್ದ ಅಪ್ಪನನ್ನು ನೋಡಿ ಆದದ್ದು ಇನ್ನೊಂದು ತೂಕ. ಎರಡನೆಯದೇ ಹೆಚ್ಚು ಭಾರವಾಗಿತ್ತು.

ಹುಡುಗಿಯ ಅಜ್ಜಿ ಎದ್ದು ಬಂದು “ಪರವಾಲೇದು ನಾಯನಾ” ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಮನೆಯ ಯಜಮಾನರ ಒಂದು ಬಿಳಿ ಪಂಚೆ ಕೊಟ್ಟರು. ಕೋಣೆಯಲ್ಲಿ ಬದಲಾಯಿಸಿಕೊಂಡೆ. ಶರಾಯಿಯನ್ನು ನೀರಿಗೆ ಹಾಕಿ ಒಗೆಸಿ ಕಳಿಸುತ್ತೇವೆ ಅಂದರು. ಹುಡುಗಿಯ ಸೋದರಮಾವ ಬಸ್ಸಿನ ತನಕ ಬಂದರು. ದಾರಿಯುದ್ದಕ್ಕೂ ಅಪ್ಪ ಒಂದು ಕಿಟಕಿ ನೋಡಿದ, ನಾನು ಇನ್ನೊಂದು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಹೋಗುವಾಗ ಶರಾಯಿ, ಬರುವಾಗ ಪಂಚೆ. ನಮ್ಮವರಲ್ಲಿ ಹೆಣ್ಣಿನ ಮನೆಯವರು ಗಂಡಿಗೆ ಪಂಚೆ ಕೊಟ್ಟರೆ ಮಾತು ಕೊಟ್ಟ ಹಾಗೆ. ಅವಳ ಮುಖ ಅರಳಿದ್ದನ್ನು ನೋಡಬೇಕಾಗಿತ್ತು.

“ಪಂಚೆ ಕೊಟ್ರಾ?”

“ಹೂಂ” ಅಂದ ಅಪ್ಪ. ಕೊಟ್ಟದ್ದು ನಿಜವೇ ತಾನೆ. ಹಚ್ಚಡದ ಸುದ್ದಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ. ಅಷ್ಟೇ ಅಲ್ಲ, ಬಸ್ಸಿನಲ್ಲಿ ಆ ನೇರ ನೋಟವನ್ನು ನೆನೆಯುತ್ತ, ಅಜ್ಜಿ ಬೇಕೆಂತಲೇ ಪಂಚೆ ಕೊಟ್ಟಿರಬಹುದಲ್ಲವಾ ಎಂದು ನಾನೂ ಅರ್ಧ ನಂಬಿಕೊಂಡಿದ್ದೆ. ಅಮ್ಮ ಪಂಚೆಯ ಮೂಲೆಗೆ ಅರಿಶಿನ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಸಂಜೆಗೆಲ್ಲ ನಮ್ಮ ಬೀದಿಯ ಮನೆ ಮನೆಗೂ ಸಕ್ಕರೆ ಹಂಚಿ ಬಂದಳು. ಸಕ್ಕರೆ ಸಿಗುವುದೇ ಕಷ್ಟವಾಗಿದ್ದ ದಿನಗಳು ಅವು.

ಮುಂದಿನ ವಾರ ಆ ಸೋದರಮಾವ ಬಂದರು, ಕಂಕುಳಲ್ಲಿ ಒಂದು ಗಂಟು. ಅಮ್ಮ ತಲೆಗೆ ಸೆರಗು ಎಳೆದುಕೊಂಡು ಚೊಂಬಿನಲ್ಲಿ ನೀರು ತಂದು, “ಬರ್ರಿ ಬೀಗರೇ, ಕೈಕಾಲು ತೊಳ್ಕೊಳ್ರಿ” ಅಂದಳು. ಅವರು ಚೊಂಬು ಮುಟ್ಟಲಿಲ್ಲ. ಗಂಟು ಬಿಚ್ಚಿ, ಒಗೆದು ಮಡಿಸಿದ ಶರಾಯಿಯನ್ನು ಜಗುಲಿಯ ಮೇಲಿಟ್ಟರು.

“ಕೂಡ್ಬರ್ಲಿಲ್ಲ ಬುಡಮ್ಮ. ನಮ್ ಭಾವನ ಪಂಚೆ ಒಂದಿತ್ತಂತಲ್ಲ, ಕೊಟ್ಬುಟ್ರೆ ಹೊಂಡ್ತೀನಿ. ಬಸ್ಸಿಗೆ ಹೊತ್ತಾಯ್ತದೆ.”

ಅಮ್ಮ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ನಾವಿಬ್ಬರೂ ನೆಲ ನೋಡುತ್ತಿದ್ದೆವು. ಏನೂ ಕೇಳದೆ ಒಳಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದೆ. ದೇವರ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳು ಒದ್ದೆ ಮಾಡಿಕೊಂಡು, ಪಂಚೆಯ ಮೂಲೆಯ ಅರಿಶಿನವನ್ನು ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಅದು ಹರಡುತ್ತಿತ್ತು. ಕೊನೆಗೆ ಆ ಮೂಲೆ ಒಳಗೆ ಹೋಗುವಂತೆ ಮಡಿಸಿ, ತಂದು ಅವರ ಕೈಗೆ ಕೊಟ್ಟಳು.

ಅವರು ಬೀದಿ ದಾಟಿ ಹೋದ ಮೇಲೆ ಅಪ್ಪ ಶರಾಯಿ ಎತ್ತಿಕೊಂಡು ಅಭ್ಯಾಸಬಲದಿಂದ ತಿರುವಿ ನೋಡಿದ. “ಉಪ್ಪಾಕೇ ಒಗ್ದವ್ರೆ. ಇನ್ನು ಬಣ್ಣ ಬುಡಲ್ಲ” ಅಂದ.

ಅಷ್ಟರಲ್ಲಿ ಎದುರು ಮನೆಯಾಕೆ ಬಾಗಿಲಿಂದಲೇ ಕೂಗಿದಳು, “ಏನಕ್ಕ, ಬೀಗರು ಬಂದಿದ್ರಾ?”

ಅಮ್ಮ ಹಳದಿಯಾದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, “ಹೂಂ” ಅಂದಳು.