ಮುನ್ನುಡಿಗಾಗಿ ಮೆಣಸೆಗೆ

೨೦೦೩ನೇ ಇಸವಿ. ನರಸಿಂಹರಾಜಪುರದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟು ಎಂಟು ವರ್ಷವಾಗಿತ್ತು. ಕಾದಂಬರಿ ಬರೆದು ಮುಗಿಸಿದ್ದೂ ಆ ವರ್ಷವೇ. ಪಿಯುಸಿ ಫೇಲಾದ ಟೈಲರ್ ಕಾದಂಬರಿ ಬರೆದಿದ್ದಾಳೆ ಎಂದರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಕೆಲಸ ಕಡಿಮೆ ಇದ್ದ ದಿನಗಳಲ್ಲಿ ಮಷೀನಿನ ಮೇಲೆಯೇ ನೋಟ್‌ಬುಕ್ ಇಟ್ಟುಕೊಂಡು ಬರೆದದ್ದು. ಒಂದೇ ಅಂಗಡಿಯಲ್ಲಿ ಹೊಲಿಯುವ ಮೂವರು ಹೆಂಗಸರ ಕಥೆ.

ಅದನ್ನು ಪುಸ್ತಕ ಮಾಡಬೇಕೆಂಬ ಹುಚ್ಚು ಹತ್ತಿತು. ಶಿವಮೊಗ್ಗದ ಒಬ್ಬ ಪ್ರಕಾಶಕರಿಗೆ ಬೂತಿನಿಂದ ಫೋನ್ ಮಾಡಿದೆ. ಕಥೆ ಏನು ಎಂದು ಅವರು ಕೇಳಲೇ ಇಲ್ಲ. "ಹೊಸಬರದ್ದು ಹಾಗೇ ಹಾಕೋಕಾಗಲ್ಲಮ್ಮ. ಯಾರಾದ್ರೂ ಹೆಸರಿರೋ ಹಿರಿಯರ ಹತ್ರ ಮುನ್ನುಡಿ ಬರೆಸ್ಕೊಂಡು ಕಳಿಸಿ, ಆಮೇಲೆ ನೋಡೋಣ" ಅಂದರು.

ನಮ್ಮ ಕಡೆ ಹೆಸರಿರುವ ಹಿರಿಯರೆಂದರೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿದ್ದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಹತ್ತಾರು ಪುಸ್ತಕ ಬರೆದವರು. ಎಲ್ಲ ಹಾಳೆಗಳನ್ನೂ ಸೇರಿಸಿ, ಬಸ್ಸಿನಲ್ಲಿ ಚೆಲ್ಲಾಪಿಲ್ಲಿಯಾಗದಿರಲಿ ಎಂದು ಕೋರಾ ಬಟ್ಟೆಯಲ್ಲಿ ಸುತ್ತಿ ಹಸಿರು ದಾರದಲ್ಲಿ ಕೈಹೊಲಿಗೆ ಹಾಕಿದೆ. ಜೆರಾಕ್ಸ್ ಮಾಡಿಸಿಡಬೇಕೆಂಬ ಬುದ್ಧಿಯೂ ಇರಲಿಲ್ಲ. ಇದ್ದದ್ದು ಅದೊಂದೇ ಪ್ರತಿ. ಮೆಣಸೆಗೆ ಹೋಗಿ ಕೊಟ್ಟಾಗ ಮೇಷ್ಟ್ರು ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಂಚನ್ನೆಲ್ಲ ಬೆರಳಲ್ಲಿ ಸವರಿದರು. "ಹೊಲಿಗೆ ಬಹಳ ಅಚ್ಚುಕಟ್ಟಾಗಿದೆ ಕಣಮ್ಮ. ಇಟ್ಟು ಹೋಗು, ನಿಧಾನಕ್ಕೆ ನೋಡ್ತೇನೆ" ಅಂದರು. ಆ ಒಂದು ಮಾತಿಗೇ ನಾನು ಉಬ್ಬಿಹೋದೆ.

ಆಮೇಲೆ ಎರಡು ವರ್ಷಗಳಲ್ಲಿ ಮೂರು ಸಲ ಹೋಗಿ ಬಂದೆ. ಪ್ರತಿ ಸಲವೂ ಕಾಫಿ, ಆರೋಗ್ಯದ ವಿಚಾರ, ಅವರ ಹಳೆಯ ಕಾಲೇಜಿನ ಕಥೆಗಳು. "ಸಾರ್, ಓದಿದ್ರಾ?" ಎಂದು ಕೇಳಲು ಮಾತ್ರ ನನಗೆ ಬಾಯಿ ಬರುತ್ತಿರಲಿಲ್ಲ. ಒಂದು ಬ್ಲೌಸ್ ಕೊಟ್ಟವರು ನನ್ನನ್ನು ದಿನಕ್ಕೆರಡು ಸಲ "ಆಯ್ತಾ, ಆಯ್ತಾ" ಎಂದು ಜೀವ ತಿನ್ನುತ್ತಾರೆ. ಅಷ್ಟು ದೊಡ್ಡವರನ್ನು ಹಾಗೆ ಕೇಳಿದರೆ ಅಧಿಕಪ್ರಸಂಗ ಆಗುವುದಿಲ್ಲವೇ ಎಂದು ಸುಮ್ಮನಿದ್ದೆ. ನಾನು ಮಾಡಿದ ದೊಡ್ಡ ಮೂರ್ಖತನ ಅದು.

೨೦೦೫ರ ಕೊನೆಯಲ್ಲಿ ಒಂದು ಕಾರ್ಡು ಬಂತು. ಮುನ್ನುಡಿ ಸಿದ್ಧವಿದೆ, ಬಂದು ತೆಗೆದುಕೊಂಡು ಹೋಗುವುದು ಎಂದಿತ್ತು. ಮದುವೆ ಮನೆಯವರ ಬ್ಲೌಸ್‌ಗಳನ್ನೂ ಬಿಟ್ಟು ಅಂಗಡಿ ಮುಚ್ಚಿ ಹೊರಟೆ. ಕೊಪ್ಪದಲ್ಲಿ ಬಸ್ ಬದಲಾಯಿಸುವಾಗ ಪುಸ್ತಕದ ಮೇಲೆ ನನ್ನ ಹೆಸರು ಯಾವ ಬಣ್ಣದಲ್ಲಿ ಇರಬೇಕು ಎಂದು ಯೋಚಿಸುತ್ತಿದ್ದೆ.

ಮೇಷ್ಟ್ರ ಸೊಸೆ ಎರಡು ಹಾಳೆ ತಂದುಕೊಟ್ಟರು. ಜಗಲಿಯಲ್ಲೇ ಕುಳಿತು ಓದಿದೆ. 'ಮೊದಲ ಕೃತಿಯಲ್ಲೇ ಪಕ್ವತೆ', 'ಹೆಣ್ಣಿನ ಅಂತರಂಗದ ನೋವು', 'ಹಳ್ಳಿಯ ಬದುಕಿನ ಸೊಗಡು'. ಕಣ್ಣು ತುಂಬಿ ಬಂತು. ನನ್ನ ಕಾದಂಬರಿಯಲ್ಲಿ ಹಳ್ಳಿಯೇ ಇರಲಿಲ್ಲ. ಆದರೂ ದೊಡ್ಡವರಿಗೆ ನನಗೆ ಕಾಣದ್ದು ಏನೋ ಕಂಡಿರಬೇಕು ಎಂದುಕೊಂಡು ಅವರ ಕಾಲಿಗೆ ಬಿದ್ದೆ.

"ಇವಳ ಗಂಟು ಕೊಟ್ಟುಬಿಡು" ಎಂದು ಮೇಷ್ಟ್ರು ಸೊಸೆಗೆ ಹೇಳಿದರು. ಸೊಸೆ ಒಳಗಿನಿಂದ ನಾಲ್ಕೈದು ಕಟ್ಟುಗಳನ್ನು ಹೊತ್ತು ತಂದರು. "ಇದು ಕೊಪ್ಪದೋರದ್ದು, ಇದು ಬಾಳೆಹೊನ್ನೂರಿಂದ ಬಂದದ್ದು. ನಿಂದು ಯಾವ್ದು ಮಾರಾಯ್ತಿ?" ನ್ಯೂಸ್‌ಪೇಪರ್ ಸುತ್ತಿದ್ದು, ಪ್ಲಾಸ್ಟಿಕ್ ಕವರಿಗೆ ಗಮ್‌ಟೇಪ್ ಹಚ್ಚಿದ್ದು, ಎಲ್ಲವೂ ಕಟ್ಟಿದ ಹಾಗೇ ಇದ್ದವು. ಕೆಳಗಿದ್ದದ್ದು ನನ್ನದು. ಹಸಿರು ದಾರದ ಒಂದು ಎಳೆಯೂ ಕಡಿದಿರಲಿಲ್ಲ. ಬಿಚ್ಚಿ ಮತ್ತೆ ಹೊಲಿದಿದ್ದರೆ ಹಳೆಯ ಸೂಜಿಯ ತೂತು ಕಾಣುತ್ತದೆ. ಅದೂ ಇರಲಿಲ್ಲ. ನನ್ನ ಕೈಯ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ?

"ಯಾಕಮ್ಮ, ಮಾತೇ ಇಲ್ಲ?" ಮೇಷ್ಟ್ರು ಕೇಳಿದರು.

"ಸಾರ್, ಇದನ್ನ ಬಿಚ್ಚೇ ಇಲ್ಲ" ಅಂದೆ. ಸೊಸೆ ತಲೆ ತಗ್ಗಿಸಿ ಒಳಗೆ ಹೋದರು.

ಮೇಷ್ಟ್ರು ಕೈ ಚಾಚಿ ಗಂಟಿನ ಹೊಲಿಗೆಯನ್ನು ಬೆರಳಲ್ಲಿ ಸವರಿದರು. ಆಮೇಲೆ, "ಶುಗರ್‌ನಿಂದ ಕಣ್ಣು ಹೋಗಿ ನಾಲ್ಕು ವರ್ಷ ಆಯ್ತಮ್ಮ. ಎದುರು ಕೂತವರು ಮಸುಕಾಗಿ ಕಾಣ್ತಾರೆ, ಅಕ್ಷರ ಕಾಣೋದಿಲ್ಲ. ಹೇಳಿದ್ರೆ ಮತ್ಯಾರೂ ಈ ಕಡೆ ಬರೋದಿಲ್ಲ ಅಂತ ಹೇಳಲಿಲ್ಲ. ಮುನ್ನುಡಿ ನಾನು ಹೇಳ್ತೇನೆ, ಸೊಸೆ ಬರೀತಾಳೆ" ಅಂದರು.

ನನಗೆ ಸಿಟ್ಟು ಬಂತು, ಅಳುವೂ ಬಂತು. "ನಾನೇ ಓದಿ ಹೇಳ್ಲಾ ಸಾರ್? ಒಂದೇ ಒಂದು ಅಧ್ಯಾಯ" ಎಂದು ಅಂಗಲಾಚಿದೆ.

"ಬೇಡಮ್ಮ. ಕೇಳಿದ್ರೆ ತಿದ್ದಬೇಕು ಅನ್ಸುತ್ತೆ. ತಿದ್ದೋ ಶಕ್ತಿ ನಂಗಿಲ್ಲ. ಮುನ್ನುಡಿ ಸಿಕ್ತಲ್ಲ, ತಗೊಂಡು ಹೋಗು. ಅಚ್ಚು ಹಾಕೋರೂ ಅಷ್ಟನ್ನೇ ನೋಡೋದು."

ಆ ಹಾಳೆಗಳನ್ನು ಅಲ್ಲೇ ಹರಿದು ಹಾಕಿ ಬಂದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗೆ ಮಾಡಲಿಲ್ಲ. ಸುಳ್ಳು ಎಂದು ಗೊತ್ತಿದ್ದೂ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಈ ಸಲ ಜೆರಾಕ್ಸ್ ಮಾಡಿಸಿ, ಕಾದಂಬರಿಯ ಜೊತೆ ಶಿವಮೊಗ್ಗಕ್ಕೆ ಕಳಿಸಿದೆ.

ಐದು ತಿಂಗಳಾದ ಮೇಲೆ ಪ್ರಕಾಶಕರ ಉತ್ತರ ಬಂತು. ಮುನ್ನುಡಿ ಬಹಳ ಸೊಗಸಾಗಿದೆಯಂತೆ. ಕಾದಂಬರಿ ಪ್ರಕಟಿಸಲು ಸದ್ಯಕ್ಕೆ ಆಗುವುದಿಲ್ಲವಂತೆ. ಮೇಷ್ಟ್ರ ಹತ್ತಿರ ಅಚ್ಚಾಗದ ಲೇಖನಗಳೇನಾದರೂ ಇದ್ದರೆ ಕೊಡಿಸಲು ಸಾಧ್ಯವೇ ಎಂದು ಕೇಳಿದ್ದರು. ಅದನ್ನು ಓದಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತೆ. ಆಮೇಲೆ ಕಥೆ ಅಂತ ಒಂದು ಸಾಲನ್ನೂ ಬರೆದಿಲ್ಲ. ಎಷ್ಟೋ ಸಲ ಪೆನ್ನು ಹಿಡಿದು ಕುಳಿತಿದ್ದೇನೆ, ಯಾರಿಗಾಗಿ ಎಂದು ಕೈ ನಿಂತುಬಿಡುತ್ತದೆ.

ಈಗ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಗಿರಾಕಿಯೊಬ್ಬಳು ಕಾದಂಬರಿ ಬರೆಯುತ್ತಿದ್ದಾಳೆ. ನಾನೂ ಒಂದು ಬರೆದಿದ್ದೆ ಎಂದು ಬಾಯಿಬಿಟ್ಟಿದ್ದಕ್ಕೆ ಹೋದ ತಿಂಗಳು ಸಲಹೆ ಕೇಳಿದಳು. ಪ್ರತಿ ಇಟ್ಟುಕೊಳ್ಳದೆ ಯಾರ ಕೈಗೂ ಕೊಡಬೇಡ, ಕೊಟ್ಟರೆ ಒಂದು ತಿಂಗಳಿಗೇ ನಾಚಿಕೆ ಬಿಟ್ಟು ಕೇಳು, ದೊಡ್ಡವರ ಮುನ್ನುಡಿಗಿಂತ ಮೊದಲು ಪೂರ್ತಿ ಓದುವ ಒಬ್ಬರನ್ನು ಹುಡುಕು ಎಂದೆ. ಅವಳು ಖುಷಿಯಿಂದ, "ಹಂಗಾದ್ರೆ ನಿಮ್ದನ್ನ ನಾನೇ ಓದ್ತೀನಿ ಅಕ್ಕ, ಕೊಡಿ" ಅಂದಳು.

ಗೆದ್ದಲು ತಿಂದುಹೋಯಿತು ಎಂದು ಹೇಳಿ ಕಳಿಸಿದೆ. ಅದು ಅಂಗಡಿಯ ಬೀರುವಿನಲ್ಲೇ ಇದೆ. ಮೇಷ್ಟ್ರು ಓದದೆ ಬರೆದಷ್ಟು ಒಳ್ಳೆಯ ಮಾತು, ಓದಿದ ಅವಳ ಬಾಯಲ್ಲಿ ಬಾರದೇ ಹೋದರೆ ಎಂದು ನನಗೆ ಹೆದರಿಕೆ.