ಮರಗಟ್ಟಿದ ಬೆರಳಿಗೆ ಹಿಮದೂರಿನ ಗಾಳದ ಕೋಲು

ಪಶ್ಚಿಮ ಸಿಡ್ನಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪ್ಯಾರಮಟಾ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿಯೊಂದರ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಆನ್ಸಿಲ್ಲಾ ಪಾಯ್ಸ್ ಫ್ರೀಜರಿನಿಂದ ಸೀಗಡಿ ಪ್ಯಾಕೆಟ್‌ಗಳನ್ನು ತೆಗೆದು ಮುಂದಿನ ಪೆಟ್ಟಿಗೆಗೆ ತುಂಬುತ್ತಿದ್ದಾರೆ. ಅಡುಗೆಯ ಸೀಗಡಿಯಲ್ಲ, ಗಾಳಕ್ಕೆ ಸಿಕ್ಕಿಸುವ ಎರೆ. ಕೆಲಸಕ್ಕೆ ಹೋಗುವ ಮುಂಚೆ ನದಿಗೊಮ್ಮೆ ಇಳಿದು ಬರುವವರು ಈ ಹೊತ್ತಿಗೇ ಬರುತ್ತಾರೆ. ಹಾಗಾಗಿ ಈ ಅಂಗಡಿ ಪಕ್ಕದ ಕಾಫಿ ಅಂಗಡಿಗಿಂತ ಮೊದಲು ತೆರೆಯುತ್ತದೆ.

ಮೊದಲ ಗಿರಾಕಿ ಪ್ಲಾಸ್ಟರಿಂಗ್ ಕೆಲಸದವನು. ಬೂಟಿನ ಮೇಲೆ ನಿನ್ನೆಯ ಬಿಳಿ ಪುಡಿ ಹಾಗೇ ಇದೆ. ಅವನಿಗೆ ಹೊಸ ಗಾಳದ ಕೋಲು ಬೇಕು. ಆನ್ಸಿಲ್ಲಾ ಒಂದನ್ನು ಅವನ ಕೈಗೆ ಕೊಟ್ಟು, ಕಣ್ಣು ಮುಚ್ಚಿ, ತಾಗಿದ್ದು ಗೊತ್ತಾದಾಗ ಹೇಳು ಎನ್ನುತ್ತಾರೆ. ಆಮೇಲೆ ಕೋಲಿನ ಇನ್ನೊಂದು ತುದಿಗೆ ಹೋಗಿ ಕಿರುಬೆರಳಿನ ಉಗುರನ್ನು ಅದಕ್ಕೆ ತಾಗಿಸುತ್ತಾರೆ. "ನೌ," ಎನ್ನುತ್ತಾನೆ ಅವನು. ಇನ್ನಷ್ಟು ಮೆಲ್ಲಗೆ ತಾಗಿಸುತ್ತಾರೆ. ಅದು ಅವನಿಗೆ ಗೊತ್ತಾಗುವುದಿಲ್ಲ. ಆ ಕೋಲು ಗೋಡೆಗೆ ಹಿಂತಿರುಗುತ್ತದೆ, ಬೇರೊಂದು ಬರುತ್ತದೆ.

"ದೊಡ್ಡ ಮೀನು ಎಳೆದ್ರೆ ಯಾರಿಗಾದ್ರೂ ಗೊತ್ತಾಗ್ತದೆ ಮಾರಾಯ್ರೆ," ಎನ್ನುತ್ತಾರೆ ಆನ್ಸಿಲ್ಲಾ, ಗಿರಾಕಿ ಹೋದ ಮೇಲೆ. "ಸಣ್ಣ ಮೀನು ಹಾಗಲ್ಲ. ಎರೆ ಬಾಯಿಗೆ ಹಾಕ್ಕೊಳ್ತದೆ, ಬೇಡ ಅಂತ ಉಗುಳ್ತದೆ. ಅಷ್ಟರೊಳಗೆ ನಮಗೆ ಗೊತ್ತಾಗ್ಬೇಕು. ಪೇಂಟ್ ಚಂದ ಉಂಟು, ಹ್ಯಾಂಡಲ್ ಚಂದ ಉಂಟು ಅಂತ ರಾಡ್ ತಗೊಂಡ್ರೆ ಎಂತ ಪ್ರಯೋಜನ?"

ಸಿಡ್ನಿಯ ನದಿಗಳಲ್ಲಿ, ನೀರಿನ ಮೇಲೆ ಚಾಚಿದ ಜೆಟ್ಟಿ ಕಟ್ಟೆಗಳಲ್ಲಿ ಮೀನು ಹಿಡಿಯುವ ಬಹಳ ಮಂದಿಯ ಕೈಯಲ್ಲಿರುವುದು ಆನ್ಸಿಲ್ಲಾ ಆರಿಸಿಕೊಟ್ಟ ಕೋಲು. ಅವರಲ್ಲಿ ಹೆಚ್ಚಿನವರಿಗೆ ಇವರ ಹೆಸರು ಗೊತ್ತಿಲ್ಲ. ಅಂಗಡಿಯ ಬೋರ್ಡಿನಲ್ಲಿ ಮಾಲೀಕರ ಹೆಸರಿದೆ. ಆನ್ಸಿಲ್ಲಾ ಅಂಗಿಯ ಮೇಲೆ ಇರಬೇಕಾದ ಹೆಸರಿನ ಬಿಲ್ಲೆ ಎರೆಯ ಫ್ರೀಜರಿನಲ್ಲಿ ಎಲ್ಲೋ ಬಿದ್ದುಹೋಗಿದೆಯಂತೆ.

ಅವರ ಊರು ಉಡುಪಿ ಬಳಿಯ ಕಲ್ಯಾಣಪುರ. ತಂದೆ ಲಾರೆನ್ಸ್ ಟೈಲರ್ ಆಗಿದ್ದರು. ಸಂಜೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಸ್ವರ್ಣಾ ನದಿಯ ದಂಡೆಗೆ ಹೋಗುತ್ತಿದ್ದರು. ಬಿದಿರಿನ ತುದಿಯನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ತೆಳ್ಳಗೆ ಮಾಡುತ್ತಿದ್ದರು. ಮಗಳ ಕೈಗೆ ಕೋಲು ಕೊಟ್ಟು, ಕಣ್ಣು ಮುಚ್ಚಲು ಹೇಳಿ, ತುದಿ ಮುಟ್ಟಿ ಕೇಳುತ್ತಿದ್ದರು. ಹೆರೆದದ್ದು ಸಾಕೋ ಸಾಲದೋ ಎಂದು ತೀರ್ಮಾನಿಸುತ್ತಿದ್ದವಳು ಆ ಹುಡುಗಿ.

"ಡ್ಯಾಡಿಗೆ ಸೂಜಿ ಹಿಡಿದು ಹಿಡಿದು ಬೆರಳು ದಪ್ಪ ಆಗಿತ್ತು. ಹಾಗಾಗಿ ನನ್ನ ಬೆರಳನ್ನು ಕೇಳ್ತಿದ್ರು. ನನಗೆ ಇದು ಆಟ ಅಂತ ಇತ್ತು. ಅವರು ಕಲಿಸ್ತಾ ಇದ್ದಾರೆ ಅಂತ ಗೊತ್ತೇ ಆಗ್ಲಿಲ್ಲ. ಈಗ ದಿನಾ ಅವರಿಗೆ ಥ್ಯಾಂಕ್ಸ್ ಹೇಳ್ತೇನೆ, ಫ್ರೀಜರ್ ಓಪನ್ ಮಾಡುವಾಗ."

ಗಂಡ ಹ್ಯಾರಿಸ್ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಅವರ ಜೊತೆ ಸಿಡ್ನಿಗೆ ಬಂದಾಗ ಆನ್ಸಿಲ್ಲಾ ಕೈಯಲ್ಲಿ ಬಿ.ಕಾಂ. ಪದವಿ ಇತ್ತು. ಹೋದಲ್ಲೆಲ್ಲ ಇಲ್ಲಿನ ಕೆಲಸದ ಅನುಭವ ಕೇಳಿದರು. ಅದು ಇರಲಿಲ್ಲ. ಆಫೀಸುಗಳಲ್ಲಿ ಕ್ಲೀನಿಂಗ್ ಮಾಡಿದರು. ಒಂದು ಶನಿವಾರ ಗಾಳ ಕೊಳ್ಳಲು ಈ ಅಂಗಡಿಗೆ ಬಂದವರು, ಗೋಡೆಗೆ ಒರಗಿಸಿದ್ದ ಕೋಲುಗಳನ್ನೆಲ್ಲ ಒಂದೊಂದಾಗಿ ಬಾಗಿಸಿ ನೋಡುತ್ತಾ ನಿಂತುಬಿಟ್ಟರು. ಅಂಗಡಿಯ ಆಸ್ಟ್ರೇಲಿಯನ್ ಮಾಲೀಕ ಬ್ಯಾರಿ ದೂರದಿಂದ ನೋಡುತ್ತಿದ್ದರು. ಕೆಲಸ ಬೇಕಾ ಎಂದು ಕೇಳಿದರು.

"ಲೋಕಲ್ ಎಕ್ಸ್‌ಪೀರಿಯನ್ಸ್ ಉಂಟಾ ಅಂತ ಕೇಳದ ಮೊದಲ ಮನುಷ್ಯ ಅವರು," ಎನ್ನುತ್ತಾರೆ ಆನ್ಸಿಲ್ಲಾ.

ಕೆಲಸ ಸುಲಭದ್ದಲ್ಲ. ದಿನವಿಡೀ ನಿಂತೇ ಇರಬೇಕು. ಚಳಿಗಾಲದಲ್ಲಿ ಎರೆಯ ಮಂಜುಗಡ್ಡೆಗೆ ಉಗುರಿನ ಸಂದು ಬಿರಿಯುತ್ತದೆ. ಮಗಳು ರೋಶ್ನಿಯನ್ನು ಶಾಲೆಯಿಂದ ಕರೆತರಲು ಹೋದರೆ ಅವಳು ಕಾರಿನ ಕಿಟಕಿ ಇಳಿಸಿ, "ಮಮ್, ಯೂ ಸ್ಮೆಲ್ ಲೈಕ್ ಪ್ರಾನ್ಸ್," ಎನ್ನುತ್ತಾಳೆ. "ಆ ಪ್ರಾನ್ಸೇ ನಿನ್ನ ಸ್ಕೂಲ್ ಫೀಸ್ ಮಗಾ," ಎಂದು ತಾಯಿ ಗಾಡಿ ಬಿಡುತ್ತಾರೆ. ಅಂಗಡಿಯಲ್ಲಿ ಕೆಲವರು ಇವರನ್ನು ದಾಟಿ ಒಳಗೆ ಇಣುಕಿ, ಮಾತಾಡಲು ಗಂಡಸರು ಯಾರಾದರೂ ಇದ್ದಾರಾ ಎಂದು ಕೇಳುವುದುಂಟು.

"ಇದ್ದಾರೆ, ಹಿಂದೆ ಎರೆಯ ಹುಳ ಪ್ಯಾಕ್ ಮಾಡ್ತಿದ್ದಾರೆ, ಕರೀಲಾ ಅಂತೇನೆ. ಬ್ಯಾರಿ ಬರ್ತಾರೆ. ಬಂದು ನನ್ನತ್ರಾನೇ ಕೇಳ್ತಾರೆ, ಇವರಿಗೆ ಯಾವುದು ಕೊಡುವ ಆನ್ಸಿ ಅಂತ."

ಅಂಗಡಿಯ ಹಿಂಬದಿಯ ಗೋಡೆಯಲ್ಲಿ ಒಂದು ಸಾಲು ಗಿಡ್ಡ ಕೋಲುಗಳು ತೂಗುತ್ತಿವೆ. ಒಂದೊಂದೂ ಒಂದೂವರೆ ಮೊಳ ಉದ್ದ, ಅಷ್ಟೆ. ಕೆನಡಾ, ಅಮೆರಿಕದ ಉತ್ತರ ಭಾಗಗಳಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ನಡೆದುಹೋಗಿ, ತೂತು ಕೊರೆದು, ಅದರ ಪಕ್ಕದಲ್ಲೇ ಕೂತು ಗಾಳ ಇಳಿಬಿಡುತ್ತಾರೆ. ದೂರಕ್ಕೆ ಬೀಸುವ ಅಗತ್ಯವೇ ಇಲ್ಲದ್ದರಿಂದ ಉದ್ದದ ಕೋಲು ಬೇಡ. ಅವರು ಹಿಡಿಯುವುದು ಬ್ಲೂಗಿಲ್ ಮತ್ತು ಅಂಥವೇ ಅಂಗೈಯಗಲದ ಮೀನುಗಳನ್ನು. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವುದರಿಂದ ಅವನ್ನು ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಹಿಮವೇ ಬೀಳದ ಸಿಡ್ನಿಗೆ ಈ ಕೋಲುಗಳು ಬಂದದ್ದು ಬ್ಯಾರಿ ಮಾಡಿದ ತಪ್ಪಿನಿಂದ. ಫೋಟೊದಲ್ಲಿ ಗಿಡ್ಡಗೆ ಕಂಡವು, ಮಕ್ಕಳ ಕೋಲೆಂದು ಆರ್ಡರ್ ಮಾಡಿಬಿಟ್ಟರು. ಹಾರ್ಬರ್ ಹೆಪ್ಪುಗಟ್ಟಿದ ದಿನ ಒಂದೂ ಉಳಿಯುವುದಿಲ್ಲ ನೋಡು, ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು.

ಆನ್ಸಿಲ್ಲಾ ಕೆಲವನ್ನು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಕಟ್ಟೆಗೆ ಒಯ್ದು ಪರೀಕ್ಷಿಸಿದರು. ಎಲ್ಲವೂ ಒಂದೇ ರೀತಿಯವಲ್ಲ ಎಂಬುದು ತಿಳಿಯಿತು. ಕೆಲವು ಬುಡದಿಂದಲೇ ಮೆತ್ತಗೆ. ಅವುಗಳಲ್ಲಿ ಎಳೆದರೆ ಗಾಳ ಮೀನಿನ ತುಟಿಗೆ ಕಚ್ಚುವುದಿಲ್ಲ. ಕೆಲವು ತುದಿಯವರೆಗೂ ಗಟ್ಟಿ. ಅವುಗಳ ಬಿಗಿ ಗೊತ್ತಾದ ಕೂಡಲೇ ಸಣ್ಣ ಮೀನು ಎರೆ ಬಿಟ್ಟೋಡುತ್ತದೆ. ಬೇಕಾದದ್ದು ಬುಡ ಗಟ್ಟಿಯಿದ್ದು ತುದಿ ಮಾತ್ರ ಮಣಿಯುವಂಥದ್ದು. ಇನ್ನು ಕೆಲವಕ್ಕೆ ತುದಿಯಿಂದ ಮುಂದಕ್ಕೆ ಚಾಚಿದ ಕೂದಲೆಳೆಯಂಥ ಸ್ಪ್ರಿಂಗ್ ತಂತಿ, ಅದರ ಕೊನೆಯಲ್ಲಿ ಕಿತ್ತಳೆ ಬಣ್ಣದ ಮಣಿ. ಮೀನು ಮುಟ್ಟಿದರೆ ಆ ಮಣಿ ಅಲ್ಲಾಡುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಈ ಗೋಡೆಯ ಮುಂದೆ ಬಂದು ನಿಂತವರು ಗುರುದತ್ತ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮಗಳು ಮಹಾಶ್ವೇತಾ ಜೊತೆ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ವಾಸ. ಮಗಳು ಕೆಲಸಕ್ಕೆ ಹೋದ ಮೇಲೆ ಹೊತ್ತು ಕಳೆಯಲು ನೆರೆಮನೆಯವರ ಜೊತೆ ಮೊರ್ಡಿಯಾಲಕ್‌ನಲ್ಲಿ ಕಂಬಗಳ ಮೇಲೆ ಹಲಗೆ ಹಾಸಿದ ಸಮುದ್ರ ಕಟ್ಟೆಗೆ ಹೋಗಿ ಗಾಳ ಹಾಕಲು ಕಲಿತರು. ಮೀನು ತಿನ್ನುವವರಲ್ಲ. ಹಿಡಿದು, ನೋಡಿ, ನೀರಿಗೇ ಬಿಡುತ್ತಾರೆ. ನಡುವೆ ಕರುಳಿನ ಕ್ಯಾನ್ಸರ್ ಬಂತು, ಕೀಮೋ ಆಯಿತು, ಕಾಯಿಲೆ ಹಿಂದೆ ಸರಿಯಿತು. ಮತ್ತೆ ಕಟ್ಟೆಗೆ ಹೋಗತೊಡಗಿದರೆ ಒಂದೂ ಮೀನು ಸಿಗುತ್ತಿಲ್ಲ. ಎರೆ ಮಾತ್ರ ಖಾಲಿಯಾಗುತ್ತಿದೆ. ಎರಡು ಸಲ ಹಾಗಾದ ಮೇಲೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ಮಾತೂ ಕಡಿಮೆಯಾಯಿತು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನೆಂಟರ ಗೃಹಪ್ರವೇಶಕ್ಕೆ ಬಂದಾಗ, ಕನ್ನಡ ಬಲ್ಲವರೊಬ್ಬರು ಇಂಥ ಅಂಗಡಿಯಲ್ಲಿದ್ದಾರೆಂದು ಕೇಳಿ ಮಹಾಶ್ವೇತಾ ತಂದೆಯನ್ನು ಕರೆತಂದರು.

"ರಾಡ್ ಹಳೇದಾಗಿದೆ ಕಣಮ್ಮ. ಇರೋದ್ರಲ್ಲೇ ಸೆನ್ಸಿಟಿವ್ ಆಗಿರೋದು ಕೊಡು," ಎಂದರಂತೆ ಗುರುದತ್ತ.

ಆನ್ಸಿಲ್ಲಾ ಒಳ್ಳೆಯ ಕಾರ್ಬನ್ ಕೋಲೊಂದನ್ನೇ ಕೈಗೆ ಕೊಟ್ಟು ಕಣ್ಣು ಮುಚ್ಚಿಸಿದರು. ತುದಿಯ ಬಳಿಗೆ ಹೋದರು. ಅವರ ಬೆರಳು ಇನ್ನೂ ಗಾಳಿಯಲ್ಲಿತ್ತು, ಕೋಲಿಗೆ ತಾಗಿರಲಿಲ್ಲ.

"ಗೊತ್ತಾಯ್ತು," ಎಂದರು ಗುರುದತ್ತ.

ಮಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅಪ್ಪ ಮನೆಯಲ್ಲಿ ಲೋಟ ಕೈಜಾರಿ ಬಿದ್ದಾಗಲೆಲ್ಲ ಸೋಪಿನ ಜಿಡ್ಡು ಎನ್ನುತ್ತಿದ್ದುದು, ಗುಂಡಿಯ ಅಂಗಿ ಬಿಟ್ಟು ಟೀ ಶರ್ಟಿಗೆ ಬದಲಾದುದು, ಎಲ್ಲ ಅವರಿಗೆ ಆಗ ಒಟ್ಟಿಗೆ ಅರ್ಥವಾಯಿತು. ಬಾಯಿ ತೆರೆಯುವಷ್ಟರಲ್ಲಿ ಆನ್ಸಿಲ್ಲಾ ತುಟಿಯ ಮೇಲೆ ಬೆರಳಿಟ್ಟರು. "ಇದು ಬೇಡ ಅಂಕಲ್, ಇನ್ನೊಂದು ನೋಡುವ," ಎಂದು ಹಿಂದಿನ ಗೋಡೆಯಿಂದ ಸ್ಪ್ರಿಂಗ್ ಇರುವ ಗಿಡ್ಡ ಕೋಲನ್ನು ತಂದರು.

"ಇದನ್ನು ಐಸ್ ಮೇಲೆ ಕೂತ್ಕೊಂಡು ಹಿಡಿಯುವವರಿಗೆ ಅಂತ ಮಾಡಿದ್ದು ಅಂಕಲ್. ಪಾಪ, ಅವರು ದಪ್ಪ ಗ್ಲೌಸ್ ಹಾಕ್ಕೊಂಡಿರ್ತಾರೆ, ಚಳಿಗೆ ಬೆರಳು ಸತ್ತುಹೋಗಿರ್ತದೆ. ಕೈಯಲ್ಲಿ ಎಂತದೂ ಗೊತ್ತಾಗೂದಿಲ್ಲ. ಅದಕ್ಕೇ ತುದಿಯಲ್ಲಿ ಈ ತಂತಿ. ಕೈ ಹೇಳೂದನ್ನು ಇದು ಕಣ್ಣಿಗೆ ಹೇಳ್ತದೆ."

ಗುರುದತ್ತ ಮಣಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ನಂಗೂ ಹಾಗೇ ಕಣಮ್ಮ. ಗ್ಲೌಸ್ ಹಾಕ್ಕೊಂಡ ಹಾಗೇ ಇದೆ. ಕೀಮೋ ಆದಾಗಿಂದ." ಮಗಳ ಮುಂದೆ ಅವರು ಇದನ್ನು ಹೇಳಿದ್ದು ಅದೇ ಮೊದಲು.

ಹೊರಡುವಾಗ, ತಿನ್ನದವನಿಗೆ ಬಾಣಲೆ ಮೀನಿನ ರಾಡ್ ಕಟ್ಟಿಬಿಟ್ಟೆಯಲ್ಲ, ಎಂದು ಅವರೇ ನಕ್ಕರಂತೆ. "ಮೀನಿಗೆ ಹೇಳ್ಬೇಡಿ, ಅದಕ್ಕೆ ಧೈರ್ಯ ಬಂದೀತು," ಎಂದರು ಆನ್ಸಿಲ್ಲಾ.

ಇಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಎರಡು ವಾರದ ಮೇಲೆ ಮೆಲ್ಬರ್ನ್‌ನಿಂದ ಫೋನ್ ಬಂತು. "ನಿನ್ನ ತಂತಿ ಗಾಳಿಗೆ ಕುಣಿಯುತ್ತೆ ಕಣಮ್ಮ, ಮೀನಿಗಲ್ಲ. ನಂಗಿನ್ನು ಇದು ಬೇಡ ಬಿಡು. ಅಟ್ಟಕ್ಕೆ ಹಾಕ್ತೀನಿ."

ಆ ಮಾತು ಕೇಳಿ ಊಟ ಸೇರಲಿಲ್ಲ ಎನ್ನುತ್ತಾರೆ ಆನ್ಸಿಲ್ಲಾ. "ತಪ್ಪು ನಂದೇ. ಆ ಊರಿನವರು ಐಸ್ ಮೇಲೆ ಟೆಂಟ್ ಹಾಕ್ಕೊಂಡು ಒಳಗೆ ಕೂತು ಹಿಡಿಯುವುದು. ಅಲ್ಲಿ ಗಾಳಿ ಇಲ್ಲ, ಅಲೆಯೂ ಇಲ್ಲ. ಮೊರ್ಡಿಯಾಲಕ್‌ನಲ್ಲಿ ಎರಡೂ ಉಂಟು. ನಾನು ಬೆರಳು ನೋಡಿದೆ, ಸಮುದ್ರ ನೋಡ್ಲೇ ಇಲ್ಲ. ಒಬ್ಬ ಮನುಷ್ಯ ಅಷ್ಟು ಕಷ್ಟಪಟ್ಟು ಬಾಯಿಬಿಟ್ಟು ಹೇಳಿದ್ದಾರೆ, ನಾನು ಅವರಿಗೆ ಕುಣಿಯುವ ತಂತಿ ಕೊಟ್ಟು ಕಳಿಸಿದ್ದೇನೆ."

ಅಂದು ಸಂಜೆ ಅವರು ಗೋಡೆಯ ಮೇಲಿನ ಸ್ಪ್ರಿಂಗ್‌ಗಳನ್ನೆಲ್ಲ ಬಿಚ್ಚಿ ಟೇಬಲ್ ಫ್ಯಾನಿನ ಮುಂದೆ ಹಿಡಿದರು. ಗಾಳಿಗೆ ಜಗ್ಗದೆ, ತಾಗಿಸಿದ ಉಗುರಿಗೆ ಮಾತ್ರ ಮಣಿಯುವುದು ಒಂದೇ ಸಿಕ್ಕಿತು. ಅದಕ್ಕೆ ಒಪ್ಪುವ, ತಂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಹಿಡಿಯುವಷ್ಟು ತೂಕದ ಸೀಸದ ಗುಂಡುಗಳನ್ನೂ ಸೇರಿಸಿ ಕ್ಲೇಟನ್‌ಗೆ ಪೋಸ್ಟ್ ಮಾಡಿದರು. ಮಹಾಶ್ವೇತಾಗೆ ಫೋನಿನಲ್ಲಿ ಹೇಳಿದರು: ಗಾಳಿ ಏಳುವ ಮುಂಚೆ ಹೋಗಿ, ಅಂಕಲ್ ಕೋಲನ್ನು ಮೇಲೆತ್ತದೆ ಹಲಗೆಯ ಮಟ್ಟಕ್ಕೇ ಇಳಿಸಿ ಹಿಡಿಯಲಿ, ನೀವು ಗಾಳಿ ಬರುವ ಕಡೆ ಕೊಡೆ ಬಿಚ್ಚಿ ಕೂತ್ಕೊಳ್ಳಿ. ಅಂಕಲ್ ಬೇಡ ಅಂದ್ರೆ ಒಂದೇ ಒಂದು ಸಲ ನನಗೋಸ್ಕರ ಅಂತ ಹೇಳಿ.

ಆ ಒಂದು ಸಲ ಒಂದು ಶನಿವಾರದ ಬೆಳಿಗ್ಗೆ. ಮೊರ್ಡಿಯಾಲಕ್ ಕಟ್ಟೆಯ ಮೇಲೆ ಮೋಡವಿಲ್ಲದ ಆಕಾಶದ ಕೆಳಗೆ ಮಹಾಶ್ವೇತಾ ಕಪ್ಪು ಕೊಡೆ ಅಡ್ಡ ಹಿಡಿದು ಕೂತಿದ್ದಾರೆ. ನಾಯಿ ಕರೆದುಕೊಂಡು ಹೋಗುವವರು ತಿರುಗಿ ನೋಡುತ್ತಾರೆ. ಗುರುದತ್ತ ಮಡಚುವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಗಿಡ್ಡ ಕೋಲನ್ನು ಕಂಬಿಯ ಕೆಳಗಿಂದ ಚಾಚಿ, ದಾರವನ್ನು ಕಂಬದ ನೆರಳಿಗೆ ನೇರ ಇಳಿಬಿಟ್ಟಿದ್ದಾರೆ.

"ಅಪ್ಪ, ಕೈ ನೋಯ್ತಿದ್ರೆ ಹೇಳು."

"ನೋವಾದ್ರೆ ಗೊತ್ತಾಗ್ಬೇಕಲ್ಲ ಮಗಳೇ," ಎನ್ನುತ್ತಾರೆ ಗುರುದತ್ತ, ಕಣ್ಣು ಕದಲಿಸದೆ. ಮಗಳಿಗೆ ನಗು ಬರುತ್ತದೆ. ಇಬ್ಬರೂ ಈಗ ಇದರ ಬಗ್ಗೆ ತಮಾಷೆ ಮಾಡಬಲ್ಲರು.

ಎರೆ ಒಮ್ಮೆ ಖಾಲಿಯಾಗುತ್ತದೆ. ಮತ್ತೆ ಸಿಕ್ಕಿಸುತ್ತಾರೆ. ಬೆರಳು ಕೇಳುವುದಿಲ್ಲ, ಸೀಗಡಿ ಎರಡು ಸಲ ಹಲಗೆಗೆ ಬೀಳುತ್ತದೆ. ಮಗಳು ಕೈ ಚಾಚುತ್ತಾರೆ, ಅವರು ತಲೆಯಾಡಿಸಿ ತಾವೇ ಸಿಕ್ಕಿಸುತ್ತಾರೆ. ಅದಾಗಿ ಸ್ವಲ್ಪ ಹೊತ್ತಿಗೆ ಮಣಿ ಕದಲುತ್ತದೆ. ಗುರುದತ್ತ ಮಣಿಕಟ್ಟು ತಿರುಗಿಸಿ ಎತ್ತುತ್ತಾರೆ. ದಾರದ ಕೊನೆಯಲ್ಲಿ ಅಂಗೈಯಗಲದ ಲೆದರ್‌ಜಾಕೆಟ್ ಮೀನು. ಎರೆಯನ್ನು ಗುಟ್ಟಾಗಿ ಕಚ್ಚಿ ತಿನ್ನುವುದರಲ್ಲಿ ಇದು ಹೆಸರುವಾಸಿ. ಗುರುದತ್ತ ಅದನ್ನು ಎರಡೂ ಕೈಗಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ, ನೀರಿಗೆ ಬಿಡುತ್ತಾರೆ. ಕೂಡಲೇ ಸಿಡ್ನಿಗೆ ಫೋನ್ ಮಾಡಿಸುತ್ತಾರೆ. ಮಗಳು ಸ್ಪೀಕರ್ ಹಾಕುತ್ತಾರೆ. ಆ ಕಡೆ ಅಂಗಡಿಯ ಗಲಾಟೆ, ಪ್ಲಾಸ್ಟಿಕ್ ಚೀಲದ ಸದ್ದು.

"ಸಿಕ್ತು ಕಣಮ್ಮ! ಸಿಕ್ತು! ಬಿಟ್ಟೂ ಆಯ್ತು!"

ಆನ್ಸಿಲ್ಲಾ ಅಭಿನಂದನೆ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ. "ಮಣಿ ಕೆಳಗೆ ಹೋಯ್ತಾ ಅಂಕಲ್, ಮೇಲೆ ಹೋಯ್ತಾ?"

"ಮೇಲೆ. ಒಂಚೂರು ಮೇಲೆ ಎದ್ದು ನಿಂತ್ಕೊಳ್ತು. ಅಷ್ಟೇ."

ಆ ಕಡೆ ಚೀಲವನ್ನು ಕೆಳಗಿಟ್ಟ ಸದ್ದು.

"ಹಾಗಾದ್ರೆ ಮೀನು ಎರೆ ಬಾಯಲ್ಲಿಟ್ಟು ಮೇಲಕ್ಕೆ ಬಂದದ್ದು. ಆಗ ದಾರ ಸಡಿಲ ಆಗ್ತದೆ, ಎಳೆಯುವುದೇ ಇಲ್ಲ," ಎನ್ನುತ್ತಾರೆ ಆನ್ಸಿಲ್ಲಾ. "ಅದು ಯಾರ ಕೈಗೂ ಗೊತ್ತಾಗೂದಿಲ್ಲ ಅಂಕಲ್. ನನ್ನ ಕೈಗೂ ಗೊತ್ತಾಗೂದಿಲ್ಲ."