ಚಿಕ್ಕಮುನಿಯಮ್ಮ ರಿಪೇರಿ ಮಾಡಿದ ಗಾಲಿಕುರ್ಚಿಗಳು

ಬೆಳಗಿನ ಐದೂವರೆ. ಶಂಕರಪುರಂನ ಸ್ನೇಹಸೇವಾ ಬಳಗದ ಹಿತ್ತಿಲಲ್ಲಿ ಚಿಕ್ಕಮುನಿಯಮ್ಮ ಗಾಲಿಕುರ್ಚಿಯೊಂದನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಪಕ್ಕದಲ್ಲಿ ಸ್ಪ್ಯಾನರ್, ಗ್ರೀಸ್ ಡಬ್ಬಿ, ಹಲ್ಲುಜ್ಜುವ ಹಳೆಯ ಬ್ರಷ್. ಮುಂದಿನ ಪುಟ್ಟ ಗಾಲಿಗೆ ಸುತ್ತಿಕೊಂಡ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಾ, "ಮನೆಯೊಳಗೇ ಓಡಾಡಿರೋ ಗಾಡಿ ಇದು. ಟೈರಿಗೆ ಒಂಚೂರೂ ಮಣ್ಣಿಲ್ಲ ನೋಡಿ. ಬಿಸಿಲಿಗೇ ಕರ್ಕೊಂಡು ಬಂದಿಲ್ಲ ಪಾಪ," ಎನ್ನುತ್ತಾರೆ.

ಕಾಯಿಲೆ ಬಿದ್ದವರಿಗೆ ಗಾಲಿಕುರ್ಚಿ, ವಾಕರ್, ಮಂಚಗಳನ್ನು ಬಳಗ ಪುಕ್ಕಟೆಯಾಗಿ ಎರವಲು ಕೊಡುತ್ತದೆ. ಅರವತ್ತೊಂದು ಕುರ್ಚಿಗಳಿವೆ. ದಿನಕ್ಕೆ ಮೂರೋ ನಾಲ್ಕೋ ಹೋಗುತ್ತವೆ, ಅಷ್ಟೇ ವಾಪಸು ಬರುತ್ತವೆ. ಬಂದದ್ದನ್ನೆಲ್ಲ ತೊಳೆದು, ಬ್ರೇಕು ಬಿಗಿದು, ಹರಿದ ಸೀಟು ಹೊಲಿದು ಸಜ್ಜು ಮಾಡುವವರು ಐವತ್ತೇಳರ ಈಕೆ. ಹಾಜರಿ ಪುಸ್ತಕದಲ್ಲಿ ಮಾತ್ರ ಇಂದಿಗೂ 'ಕಸ ಗುಡಿಸುವವರು'.

ಗಂಡ ಪುಟ್ಟಯ್ಯ ಅಕ್ಕಿಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಮೂಟೆಯ ಸಮೇತ ಮೆಟ್ಟಿಲಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಅವರಿಗೆ ಕುರ್ಚಿ ಕೊಟ್ಟಿದ್ದು ಇದೇ ಬಳಗ. ಎರಡನೇ ವರ್ಷ ಅದರ ಗಾಲಿ ಸೊಟ್ಟಗಾಯಿತು. ಚಾಮರಾಜಪೇಟೆಯ ಸೈಕಲ್ ಅಂಗಡಿಗೆ ಒಯ್ದರೆ, ಬಿಟ್ಟು ಹೋಗಿ, ಸಾಯಂಕಾಲ ಬನ್ನಿ ಎಂದರಂತೆ. "ಸಾಯಂಕಾಲದವರೆಗೂ ನಮ್ಮೆಜಮಾನ್ರು ಎಲ್ಲಿ ಕೂತ್ಕೋತಾರೆ? ನೀವು ಹೇಳ್ಕೊಡಿ, ನಾನೇ ಮಾಡ್ಕೋತೀನಿ ಅಂದೆ." ಹಾಗೆ ಕಲಿತರು.

ಪುಟ್ಟಯ್ಯ ಇನ್ನೆರಡು ವರ್ಷ ಬದುಕಿದರು. ತಿಥಿ ಮುಗಿದ ಮಾರನೆಯ ದಿನ ಕುರ್ಚಿ ಹಿಂದಿರುಗಿಸಲು ಬಂದಾಗ, ಆಗಿನ ಕಾರ್ಯದರ್ಶಿ ಬದರೀನಾರಾಯಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊಟ್ಟಾಗ ಇದ್ದುದಕ್ಕಿಂತ ಚೆನ್ನಾಗಿತ್ತು. "ನಾಳೆಯಿಂದ ಇಲ್ಲೇ ಬಂದ್ಬಿಡಮ್ಮ ಅಂದ್ರು. ಆ ದಿನ ಅವ್ರು ಕರೀದೇ ಇದ್ದಿದ್ರೆ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ," ಎಂದು ನೆನೆಯುತ್ತಾರೆ.

ಬಳಗಕ್ಕೆ ಪ್ರತಿ ಜುಲೈ ಒಂದಕ್ಕೆ ಹೊಸ ಅಧ್ಯಕ್ಷರು. ಈ ಸಲದವರು ದೊರೆಸ್ವಾಮಿ, ನಿವೃತ್ತ ಕಾಲೇಜು ಮೇಷ್ಟ್ರು. ತಮ್ಮ ವರ್ಷ ಹೊಸದಾಗಿಯೇ ಶುರುವಾಗಲಿ ಎಂಬ ಆಸೆಯಿಂದ ಪದಗ್ರಹಣಕ್ಕೆ ಮೊದಲೇ, ಜೂನ್ ಕೊನೆಯಲ್ಲಿ ಇಪ್ಪತ್ತು ಹೊಸ ಕುರ್ಚಿ ತರಿಸಿದರು. ಮೂಲೆಯಲ್ಲಿದ್ದ ಇಪ್ಪತ್ತಮೂರು ಹಳೆಯವನ್ನು ಗುಜರಿಗೆ ಹಾಕಲು ಹೇಳಿದರು. ಗುಜರಿಯವನ ಗಾಡಿ ಬಂದೂ ನಿಂತಿತು. ಚಿಕ್ಕಮುನಿಯಮ್ಮ ಗೇಟಿಗೆ ಅಡ್ಡ ನಿಂತರು.

"ಸಾರ್, ತಪ್ಪು ತಿಳ್ಕೋಬೇಡಿ. ಹೊಸ ಗಾಡೀಲಿ ನೀವೇ ಒಂದ್ಸಲ ಕೂತ್ಕೊಳಿ."

ಮೇಷ್ಟ್ರು ನಗುತ್ತಲೇ ಕೂತರು. ಆಕೆ ಬೀದಿಗೆ ತಳ್ಳಿಕೊಂಡು ಹೊರಟರು. ಫುಟ್‌ಪಾತಿನ ಎರಡು ಚಪ್ಪಡಿಗಳ ಸಂದಿಗೆ ಮುಂದಿನ ಸಣ್ಣ ಗಾಲಿ ಸಿಕ್ಕಿ ಕುರ್ಚಿ ಗಕ್ಕನೆ ನಿಂತಿತು. ಮುಗ್ಗರಿಸಿದ ಮೇಷ್ಟ್ರ ಭುಜವನ್ನು ಆಕೆ ಹಿಡಿಯದಿದ್ದರೆ ಮೂತಿ ನೆಲಕ್ಕೆ ಬಡಿಯುತ್ತಿತ್ತು. ಆಮೇಲೆ ಹಳೆಯದೊಂದರಲ್ಲಿ ಕೂರಿಸಿದರು. ಅದರ ಮುಂದಿನ ಗಾಲಿ ಹೊಸದರದ್ದಕ್ಕಿಂತ ದೊಡ್ಡದು; ಅದೇ ಸಂದಿಯನ್ನು ಸಲೀಸಾಗಿ ದಾಟಿತು.

"ನಲವತ್ತು ವರ್ಷ ಇದೇ ರಸ್ತೇಲಿ ವಾಕಿಂಗ್ ಮಾಡಿದೀನಿ. ಈ ಕಲ್ಲು ಇಷ್ಟು ಎತ್ತರ ಇದೆ ಅಂತ ಅವತ್ತೇ ಗೊತ್ತಾಗಿದ್ದು," ಎನ್ನುತ್ತಾರೆ ದೊರೆಸ್ವಾಮಿ. ಗುಜರಿಯವನು ಬರಿಗಾಡಿ ತಳ್ಳಿಕೊಂಡು ಹೋದ. ಇಪ್ಪತ್ತಮೂರರಲ್ಲಿ ಹದಿನೆಂಟನ್ನು ಚಿಕ್ಕಮುನಿಯಮ್ಮ ವಾರದಲ್ಲೇ ಓಡುವಂತೆ ಮಾಡಿದರು. ಉಳಿದ ಐದರ ಬಿಡಿಭಾಗಗಳು ಮಿಕ್ಕವಕ್ಕೆ ಬಂದವು.

ಪದಗ್ರಹಣದ ದಿನ ಅಧ್ಯಕ್ಷರು ಮಾಡಿದ ಮೊದಲ ಘೋಷಣೆ ಹಿತ್ತಿಲಲ್ಲಿ ರಿಪೇರಿಗೆಂದು ಶೀಟು ಹೊದಿಸಿದ ಕೊಠಡಿ. ಚಿಕ್ಕಮುನಿಯಮ್ಮನಿಗೆ ಹಾರ ಹಾಕಲು ವೇದಿಕೆಯಿಂದ ಕರೆದರೆ ಆಕೆ ಇಲ್ಲ! ಗೇಟಿನ ಬಳಿ ಕೋಕಿಲಾ ಎಂಬ ಹುಡುಗಿ, ಸೊಂಟದ ಆಪರೇಷನ್ನಾದ ತಾಯಿಗೆ ಕುರ್ಚಿ ಕೇಳಿಕೊಂಡು ಬಂದಿದ್ದಳು. ಬೆಲ್ಟು ಕಟ್ಟುವುದನ್ನು ಚಿಕ್ಕಮುನಿಯಮ್ಮ ಅವಳಿಗೆ ತೋರಿಸಿಕೊಡುತ್ತಿದ್ದರು. ದೊರೆಸ್ವಾಮಿ ಹಾರ ಹಿಡಿದುಕೊಂಡೇ ಕೆಳಗಿಳಿದು ಬಂದು ಕಾದರು. ಪಾಠ ಮುಗಿದ ಮೇಲೆ ಹಾರವನ್ನು ಹೆಗಲಿಗೆ ಹಾಕಿಕೊಂಡು ತಾವೇ ಕುರ್ಚಿಯನ್ನು ಆಟೋಗೆ ಎತ್ತಿಟ್ಟರು.

ಹೊಸ ಕೊಠಡಿ ಈಗ ಸಿದ್ಧವಾಗಿದೆ. ಇನ್ನೇನು ಬೇಕು ಎಂದು ಕೇಳಿದರೆ ಚಿಕ್ಕಮುನಿಯಮ್ಮ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

"ಗಾಡಿ ವಾಪಸ್ ಬಂದಾಗ ನಾನೇನೂ ಕೇಳಲ್ಲ ಸಾರ್. ತಂದೋರ ಮುಖ ನೋಡಿದ್ರೇನೇ ಗೊತ್ತಾಗತ್ತೆ. ಒಬ್ಬೊಬ್ರು ಮಾತ್ರ, ಇಲ್ಲಿಂದ ಅದರಲ್ಲಿ ಕೂತ್ಕೊಂಡು ಹೋಗಿರ್ತಾರಲ್ಲ, ಅವ್ರೇ ತಳ್ಕೊಂಡು ನಡ್ಕೊಂಡು ಬರ್ತಾರೆ. ಈ ವರ್ಷ ಆರು ಜನ ಬಂದ್ರು. ಎಲ್ರೂ ಹಂಗೇ ಬರ್ಲಿ."